ಎಂಜಿನ್ನಿಗೆ ಬಿಟ್ಟ ಅಂಚು

ಫೆಬ್ರವರಿ ೩

ಅತ್ತಿಗೆಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ, ದೋಣಿ ಪರವಾಗಿಲ್ಲ, ಎಂಜಿನ್ನಿನ ಕ್ಷೇಮಸಮಾಚಾರ ಮುಂದೆ ಬರೆಯುತ್ತೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮಾತು ನಿಮ್ಮ ಹೊಲಿಗೆ ಮಿಷನ್ನಿನ ಸದ್ದಿಗೆ ಹೋಗುತ್ತದೆ, ಇನ್ನರ್ಧ ನನ್ನ ಪ್ರಾಸಕ್ಕೆ ಹೋಗುತ್ತದೆ, ಬರೆದೇ ಕಳಿಸು ಅಂದಿರಿ. ಬೋರ್ಡು ಬರೆದು ಬದುಕುವವನಿಗೆ ಅದೇನು ಭಾರ? ಅಕ್ಷರ ಗೇಣುದ್ದ ಇಲ್ಲದಿದ್ದರೆ ಕೈ ಸ್ವಲ್ಪ ಮುನಿಸಿಕೊಳ್ಳುತ್ತದೆ, ಅಷ್ಟೇ.

ಅಣ್ಣ ಹೋಗಿ ವರ್ಷ ತುಂಬಿತು. ಅವನ ಹಾಯಿದೋಣಿ ಇಲ್ಲಿನ ಯಾರ್ಡಿನಲ್ಲಿ ಮರದ ದಿಮ್ಮಿಗಳ ಮೇಲೆ ಕೂತಲ್ಲೇ ಕೂತಿದೆ. ಯಾರ್ಡಿನ ಯಜಮಾನರು ಒಳ್ಳೆಯವರು, ವರ್ಷವಿಡೀ ಬಾಯಿ ಬಿಡಲಿಲ್ಲ. ಈಗ ಬಿಟ್ಟಿದ್ದಾರೆ. ಜಾಗ ಬೇಕಂತೆ. ಮೇ ತಿಂಗಳು ಮುಗಿಯುವುದರೊಳಗೆ ಎಲ್ಲ ಎತ್ತಬೇಕು, ಎತ್ತದೆ ಉಳಿದದ್ದು ಗುಜರಿಗೆ.

ದೋಣಿಗೆ ಗಿರಾಕಿ ಸಿಕ್ಕರು, ಎಂಜಿನ್ ನೋಡಿ ನಕ್ಕರು. ಗಿರಾಕಿ ಈ ಊರಿನ ಹಲ್ಲಿನ ಡಾಕ್ಟರು. ಮೈಕಟ್ಟು ಗಟ್ಟಿ ಇದೆ, ಹಾಯಿ ಹರಿದಿಲ್ಲ, ನೀವು ಹೇಳಿದ ಬೆಲೆಗೆ ಚೌಕಾಸಿ ಮಾಡದೆ ತಗೊಳ್ಳುತ್ತಾರೆ. ಆದರೆ ಅವರು ಬ್ಯಾಟರಿ ಮೋಟಾರು ಹಾಕಿಸಿಕೊಳ್ಳುವವರು. ಹಳೆಯದನ್ನು ನಾವೇ ಕಿತ್ತು ಕೊಡಬೇಕಂತೆ. ಕೀಳುವುದು ನಿಮ್ಮದೇ ಕಸುಬಲ್ಲವೇ ಅಂತ ಒಂದು ಮಾತು ಹೇಳಿನೋಡಿದೆ. ಈ ಸಲ ನಗಲಿಲ್ಲ.

ಕಿತ್ತ ಎಂಜಿನ್ನಿಗೆ ಏನು ಬೆಲೆ ಬಂದೀತು ಅಂತ ಯಾರ್ಡಿನ ಮೆಕ್ಯಾನಿಕ್ಕನ್ನು ಕೇಳಿದೆ. ಅವನನ್ನು ಇಲ್ಲಿ ಎಲ್ಲರೂ 'ಆಗಲ್ಲ ಮೇಸ್ತ್ರಿ' ಅನ್ನುತ್ತಾರೆ. ಏನು ತಂದುಕೊಟ್ಟರೂ ಮೊದಲು ಆಗಲ್ಲ ಅಂದು, ಆಮೇಲೆ ಮಾಡಿಕೊಡುವ ಮನುಷ್ಯ. ಈ ಸಲ ಆಗಲ್ಲ ಅಂದವನು ಅಲ್ಲಿಗೇ ನಿಲ್ಲಿಸಿದ. ಸಿಲಿಂಡರು ಸವೆದಿದೆಯಂತೆ, ಆ ಮಾದರಿ ಮಾಡುತ್ತಿದ್ದ ಕಂಪನಿಯೇ ಈಗ ಇಲ್ಲವಂತೆ. ಕಬ್ಬಿಣದ ತೂಕಕ್ಕೆ ಗುಜರಿಯವನು ಕೊಡುವುದಕ್ಕಿಂತ ಅದನ್ನು ದೋಣಿಯಿಂದ ಎತ್ತಿಸುವ ಕೂಲಿಯೇ ಹೆಚ್ಚಾಗುತ್ತದಂತೆ. ಅಂದರೆ ನಿಮ್ಮ ಎಂಜಿನ್ನಿನ ಬೆಲೆ ಸೊನ್ನೆಗಿಂತ ಕಡಿಮೆ. ಅಂಥದೊಂದು ಇದೆ ಅಂತ ಶಾಲೆಯಲ್ಲಿ ಓದಿದ್ದೆ, ಕಣ್ಣಾರೆ ನೋಡಿದ್ದು ಇದೇ ಮೊದಲು.

ಅಣ್ಣ ಅದನ್ನು ಎಷ್ಟು ಅಕ್ಕರೆಯಿಂದ ನೋಡಿಕೊಂಡಿದ್ದ ಅಂತ ಮೇಸ್ತ್ರಿಗೆ ನೆನಪು ಮಾಡಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂದ. ಗುಜರಿಯವನಿಗೆ ಹೂಂ ಅಂದುಬಿಡಲೇ? ನಿಮ್ಮದೊಂದು ಮಾತು ಬಂದರೆ ಸಾಕು.

ಇಂತಿ ನಿಮ್ಮ
ಮೈದುನ


ಫೆಬ್ರವರಿ ೧೬

ಮೈದುನನಿಗೆ,

ಕಾಗದ ಬಂತು. ನಗಿಸೋದಕ್ಕೆ ಪ್ರಯತ್ನಪಟ್ಟಿದ್ದೀಯ, ಮೋಡದ ದಿನ ಒಣಹಾಕಿದ ಬಟ್ಟೆ ಹಾಗೆ ಅರ್ಧಂಬರ್ಧ ಆಗಿದೆ.

ದುಡ್ಡಿನ ಮಾತು ಪಕ್ಕಕ್ಕಿಡು. ಅಂಗಡಿ ನಡೀತಿದೆ, ನನ್ನ ಹೊಟ್ಟೆಗೆ ಸಾಕು. ನನಗೆ ಬೇಕಾದ ಲೆಕ್ಕ ಬೇರೆ. ಮದುವೆಯಾದ ಮಾರನೇ ವರ್ಷ ನಿಮ್ಮಣ್ಣ ಆ ದೋಣಿ ತಗೊಂಡರು. ಅಲ್ಲಿಂದ ಮುಂದೆ ಭಾನುವಾರ ಅನ್ನೋ ವಾರ ನಮ್ಮ ಮನೇಲಿ ಇರಲೇ ಇಲ್ಲ. ಬೆಳಗಿನ ಬಸ್ಸಿಗೆ ನಿಮ್ಮೂರಿಗೆ ಹೋಗೋರು, ಕತ್ತಲಾದ ಮೇಲೆ ಡೀಸೆಲ್ ವಾಸನೆ ಹೊತ್ತುಕೊಂಡು ಬರೋರು. ಜನಕ್ಕೆ ಹಾಯಿದೋಣಿ ಅಂದರೆ ಗಾಳಿ, ನೀರು. ಇವರಿಗೆ ಅದರ ಹೊಟ್ಟೆಯೊಳಗೆ ಮುದುರಿಕೊಂಡು ಕೂತು ಎಂಜಿನ್ ಬಿಚ್ಚೋದು. ನೀರಿಗೆ ಇಳಿಸಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ನಾನು ಎರಡು ಸಲ ಆ ದೋಣಿ ಹತ್ತಿದೆ, ಎರಡು ಸಲವೂ ವಾಂತಿ ಮಾಡಿಕೊಂಡು ಇಳಿದೆ. ಅಂಗಡಿಗೆ ಬಂದ ಹೆಂಗಸರು ಯಜಮಾನರು ಎಲ್ಲಿ ಅಂತ ಕೇಳಿದರೆ, ಸವತಿ ಮನೇಲಿ ಅನ್ನುತ್ತಿದ್ದೆ. ಅವರೂ ನಗೋರು, ನಾನೂ ನಗುತ್ತಿದ್ದೆ. ಕೈಯಲ್ಲಿ ಕತ್ತರಿ ಇರುತ್ತಿತ್ತು.

ಆ ಎಂಜಿನ್ನಿಗೆ ನಾನು ಮಾಡಿದ್ದು ಅಂದರೆ ಒಂದೇ. ಮುಚ್ಚಳಗಳ ಕೆಳಗೆ ಎಣ್ಣೆ ಸೋರದ ಹಾಗೆ ದಪ್ಪ ಕಾಗದ ಇಡುತ್ತಾರಲ್ಲ, ಪ್ಯಾಕಿಂಗ್ ಅಂತ. ಈ ಎಂಜಿನ್ನಿಂದು ಎಲ್ಲೂ ಸಿಗೋದಿಲ್ಲ ಅಂತ ಮುಚ್ಚಳಕ್ಕೆ ಎಣ್ಣೆ ಬಳಿದು ಕಾಗದದ ಮೇಲೆ ಅಚ್ಚು ಒತ್ತಿಕೊಂಡು ಬರೋರು. ನಿನ್ನ ಕತ್ತರಿ ಚೆನ್ನಾಗಿದೆ, ನೀನೇ ಕತ್ತರಿಸಿಕೊಡು ಅನ್ನೋರು. ಕೊಡುತ್ತಿದ್ದೆ. ನನ್ನ ಬಾಯಿ ಮುಚ್ಚಿಸೋದಕ್ಕೆ ಕೊಟ್ಟ ಕೆಲಸ ಅಂತಲೇ ತಿಳಕೊಂಡಿದ್ದೆ.

ಈಗ ಹೇಳು. ಅಷ್ಟೂ ಭಾನುವಾರ ಸುರಿದು ಕೊನೆಗೆ ಉಳಿದದ್ದು ಸೊನ್ನೆಗಿಂತ ಕಡಿಮೆ ಅಂದರೆ, ಅವರು ಅಲ್ಲಿ ನಾನು ಇಲ್ಲಿ, ಇಷ್ಟು ವರ್ಷ ಹೊಳೇಲಿ ಹುಣಸೇಹಣ್ಣು ತೊಳೆದೆವು ಅಂತಲೇ ಆಯಿತಲ್ಲ. ಹೌದಾದರೆ ಹೌದು ಅನ್ನು, ಗುಜರಿಗೆ ಹಾಕಿ ಕೈ ತೊಳಕೊಳ್ಳೋಣ. ಆದರೆ ಒಬ್ಬ ಮೇಸ್ತ್ರಿ ಹೊರಗೆ ನಿಂತು ಆಗಲ್ಲ ಅಂದ ಮಾತ್ರಕ್ಕೆ ಬೇಡ. ಮುಚ್ಚಳ ತೆಗೆದು, ಒಳಗೆ ನೋಡಿ, ಇದು ಇಷ್ಟಕ್ಕೆ ಬಾಳುತ್ತೆ ಅಂತ ಹೇಳೋರನ್ನ ಹುಡುಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪ್ರಾಸ ಹೊಟ್ಟೆ ತುಂಬಿಸೋದಿಲ್ಲ.

ನಿನ್ನ ಅತ್ತಿಗೆ


ಮಾರ್ಚ್ ೧೧

ಅತ್ತಿಗೆಗೆ ನಮಸ್ಕಾರ.

ಹುಡುಕಿದೆ. ಬಂದರಿನ ಆಚೆ ತುದಿಯಲ್ಲಿ ದೋಣಿ ಎಂಜಿನ್ನಿನ ಕೆಲಸ ಕಲಿಸುವ ತರಬೇತಿ ಶಾಲೆ ಇದೆ. ಅದರ ಬೋರ್ಡು ಬರೆದವನು ನಾನೇ. 'ಕೈ ಕಲಿತರೆ ಬಾಯಿಗೆ ಬಿಡುವು' ಅಂತ ಕೆಳಗೊಂದು ಸಾಲು ಪುಕ್ಕಟೆ ಸೇರಿಸಿದ್ದೆ, ಮಾರನೇ ದಿನ ಅಳಿಸಿದರು. ಅಲ್ಲಿ ವರ್ಕ್‌ಶಾಪು ನೋಡಿಕೊಳ್ಳುವ ಮೇಡಂ ಒಬ್ಬರಿದ್ದಾರೆ. ಮಾತು ಕಡಿಮೆ, ಬ್ಯಾಗಿನಲ್ಲಿ ಸ್ಪ್ಯಾನರ್ ಜಾಸ್ತಿ. ವಿಷಯ ಹೇಳಿದೆ, ಶನಿವಾರ ಬಂದರು. ಮೇಸ್ತ್ರಿಯೂ ಬಂದ. ಯಾರಾದರೂ ಆಗುತ್ತೆ ಅಂದುಬಿಟ್ಟರೆ ಅಂತ ಅವನಿಗೆ ಭಯ.

ಒಂದು ಮಾತು. ಆ ದೋಣಿಯ ಹಿಂಭಾಗದಲ್ಲಿ ಹೆಸರು ಬರೆದವನು ನಾನೇ ಆದರೂ ಒಳಗೆ ಇಳಿದವನಲ್ಲ. ಡೀಸೆಲ್ ವಾಸನೆಗೆ ಹೊಟ್ಟೆ ತೊಳಸುವುದು ನಿಮಗೊಬ್ಬರಿಗೇ ಅಲ್ಲ. ಹಾಗಾಗಿ ಮೇಡಂ ಎಂಜಿನ್ ಪೆಟ್ಟಿಗೆಯ ಬಾಗಿಲು ಎತ್ತಿ ಬಲ್ಬು ಹಿಡಿದಾಗ ನಾನೂ ಅದನ್ನು ಮೊದಲ ಸಲವೇ ನೋಡಿದ್ದು. ಒರೆಸಿ ಇಟ್ಟ ಹಾಗಿತ್ತು. ಆದರೆ ಪ್ರತಿಯೊಂದು ಮುಚ್ಚಳದ ಸುತ್ತ, ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವಿನಿಂದ, ಒಂದು ಬೆರಳಗಲ ಕಂದು ಕಾಗದ ಹೊರಗೆ ಬಂದಿತ್ತು. ಹರಿದುಕೊಂಡಲ್ಲ. ಒಂದೇ ಅಳತೆಗೆ, ಸುತ್ತಲೂ, ಮಗುವಿನ ಫ್ರಾಕಿಗೆ ಇಟ್ಟ ಝಾಲರಿಯ ಹಾಗೆ.

ಮೇಡಂ ಬಲ್ಬು ಇನ್ನಷ್ಟು ಹತ್ತಿರ ಹಿಡಿದರು. ಆಮೇಲೆ, ಇದಕ್ಕೆ ಬಟ್ಟೆ ಹೊಲಿಸಿದವರು ಯಾರು ಅಂತ ಕೇಳಿದರು.

ಪ್ಯಾಕಿಂಗ್ ಅನ್ನುವುದು ಮುಚ್ಚಳದ ಅಂಚಿಗೆ ಸರಿಯಾಗಿ ನಿಲ್ಲಬೇಕಂತೆ, ಕೂದಲಷ್ಟೂ ಹೊರಗೆ ಕಾಣಬಾರದಂತೆ. ನನಗೆ ಆಗ ಹೊಳೆಯಿತು. ನೀವು ಕಾಗದಕ್ಕೂ ಬಟ್ಟೆಯ ಹಾಗೇ ಹೊಲಿಗೆಗೆ ಅಂತ ಅಂಚು ಬಿಟ್ಟು ಕತ್ತರಿಸಿದ್ದೀರಿ. ಅಣ್ಣ ಅದನ್ನು ಹಾಗೇ ಕೂರಿಸಿದ್ದಾನೆ. ಒಂದು ಸಲ ಅಲ್ಲ, ಪ್ರತಿ ಸಲ.

ಮೇಸ್ತ್ರಿ ಮಿಕ್ಕ ಕಥೆ ಹೇಳಿದ. ಮೊದಲ ಸಲ ಅದು ಕಣ್ಣಿಗೆ ಬಿದ್ದಾಗ ಅವನು ಬ್ಲೇಡು ತಗೊಂಡು ಹೊರಗಿನದನ್ನು ಸವರಿಹಾಕಲು ಹೋದನಂತೆ. ಅಣ್ಣ ಅವನ ಕೈ ಹಿಡಿದುಕೊಂಡನಂತೆ. "ಬಿಡಿ ಮೇಸ್ತ್ರಿ, ಮನೇಲಿ ಕತ್ತರಿಸಿದ್ದು. ನಾಳೆ ಎಂಜಿನ್ ದಪ್ಪ ಆದರೆ ಬಿಚ್ಚಿಕೊಳ್ಳಬಹುದು."

ಅಂದಿನಿಂದ ಯಾರೂ ಅದಕ್ಕೆ ಬ್ಲೇಡು ತಾಗಿಸಿಲ್ಲ. ಯಾರ್ಡಿನಲ್ಲಿ ಆ ಎಂಜಿನ್ನಿಗೆ ಝಾಲರಿ ಅಂತಲೇ ಹೆಸರಂತೆ. ಮೇಡಂ ಎಂಜಿನ್ನಿನ ಅಡಿಯ ಎಣ್ಣೆತಟ್ಟೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿದರು. ಬಟ್ಟೆ ಬಿಳಿಯಾಗೇ ವಾಪಸು ಬಂತು. ಒಂದು ಹನಿ ಸೋರಿರಲಿಲ್ಲ. ಬೆಲೆಯ ಮಾತು ಮಾತ್ರ ಯೋಚಿಸಿ ಹೇಳುತ್ತೇನೆ ಅಂದು ಹೋದರು.

ಇಂತಿ, ನಗಬೇಕೋ ಬೇಡವೋ ತಿಳಿಯದ
ಮೈದುನ


ಮಾರ್ಚ್ ೧೮

ಮೈದುನನಿಗೆ,

ಓದಿದೆ. ಇನ್ನೊಂದು ಸಲ ಓದೋದಕ್ಕೆ ಮನಸ್ಸಾಗಲಿಲ್ಲ.

ಅಂಚು ಬಿಡದೆ ಕತ್ತರಿ ಹಾಕೋದು ಅಂದರೆ ನಮ್ಮ ಕಸುಬಲ್ಲಿ ಪಾಪ. ನನಗೆ ಕಲಿಸಿದೋರು ಕೈ ಮೇಲೆ ಸ್ಕೇಲಲ್ಲಿ ಹೊಡೆದು ಕಲಿಸಿದ್ದು ಅದನ್ನೇ. ಒಳಗಡೆ ಎಣ್ಣೆ ಹರಿಯೋ ತೂತು ಗೆರೆಗೆ ಸರಿಯಾಗಿ ಬರಲಿ ಅಂತ ನಿಮ್ಮಣ್ಣ ಅಂದಿದ್ದರು, ಹಾಗೇ ಕತ್ತರಿಸಿದೆ. ಹೊರಗಿನ ಬಗ್ಗೆ ತುಟಿ ಬಿಚ್ಚಲಿಲ್ಲ. ಮೊದಲ ಸಲವೇ, ಇಷ್ಟು ಬೇಡ ಕಣೇ, ಅಂದಿದ್ದರೆ ಮುಗಿದುಹೋಗುತ್ತಿತ್ತು. ಊರ ಜನವೆಲ್ಲ ನೋಡಿ ಹೆಸರಿಡೋ ತನಕ ಬಿಡಬೇಕಿತ್ತಾ? ನಾನಿಲ್ಲಿ ಬೇರೆಯವರಿಗೆ ಅಳತೆ ಹೇಳಿಕೊಡೋಳು.

ಯೋಚನೆ ಗೀಚನೆ ಬೇಡ, ಗುಜರಿಗೆ ಹಾಕಿಬಿಡು. ಸವತಿಗೆ ತಾನೇ ಫ್ರಾಕು ಹೊಲಿದುಕೊಟ್ಟ ಹೆಂಗಸು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಅತ್ತಿಗೆ


ಏಪ್ರಿಲ್ ೭

ಅತ್ತಿಗೆಗೆ ನಮಸ್ಕಾರ.

ಗುಜರಿಯವನಿಗೆ ಇನ್ನೂ ಹೇಳಿಲ್ಲ. ಬೈಯಿರಿ, ಅಂಚೆಯಲ್ಲಿ ಬರುವಷ್ಟರಲ್ಲಿ ಬೈಗುಳ ತಣ್ಣಗಾಗಿರುತ್ತದೆ.

ನಾನು ಕಾಲೇಜು ಓದುವಾಗ ನಿಮ್ಮ ಮನೆಯಲ್ಲಿದ್ದೆನಲ್ಲ, ಆಗಿನದೊಂದು ಮಾತು. ಬಂದಾಗ ಬೆಂಕಿಕಡ್ಡಿಯ ಹಾಗಿದ್ದೆ. ನೀವು ಮಿಕ್ಕ ಬಟ್ಟೆಯಲ್ಲಿ ನನಗೊಂದು ನೀಲಿ ಅಂಗಿ ಹೊಲಿದುಕೊಟ್ಟಿರಿ. ನಿಮ್ಮ ಕೈ ಅಡುಗೆಗೆ ನಾನು ಹಿಗ್ಗಿದ ಹಾಗೆಲ್ಲ ಪಕ್ಕದ ಹೊಲಿಗೆ ಬಿಚ್ಚಿ ಇನ್ನಷ್ಟು ಬಿಟ್ಟಿರಿ. ಅಂಗಿಯ ಮೈ ಬಿಸಿಲಿಗೆ ಬಿಳಿಚಿತ್ತು, ಒಳಗಿನಿಂದ ಬಂದ ಅಂಚು ಕಡುನೀಲಿಯಾಗೇ ಇತ್ತು. ಹಾಗಾಗಿ ಕೊನೆಯ ವರ್ಷದ ಗುಂಪು ಫೋಟೋದಲ್ಲಿ ನನ್ನ ಎರಡೂ ಪಕ್ಕೆಗೆ ಒಂದೊಂದು ಪಟ್ಟೆ ಇದೆ. ಇದೇನೋ ಹೊಸ ಫ್ಯಾಶನ್ನಾ ಅಂತ ಗೆಳೆಯರು ಕೇಳಿದರು. ಹೌದು, ನಿಮಗೆ ಸಿಗಲ್ಲ ಅಂದೆ.

ಈ ವಿಷಯ ನಿಮಗೆ ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ನೀವು ಹೊಸ ಅಂಗಿ ಹೊಲಿದುಕೊಡುತ್ತಿದ್ದಿರಿ. ನನಗೆ ಅದು ಬೇಕಿರಲಿಲ್ಲ. ಆ ಪಟ್ಟೆ ನೋಡಿಕೊಂಡಾಗೆಲ್ಲ, ಇವನು ಮುಂದ್ಯಾವತ್ತೋ ದಪ್ಪ ಆಗುತ್ತಾನೆ ಅಂತ ಮನೆಯಲ್ಲಿ ಯಾರೋ ಮೊದಲೇ ಯೋಚನೆ ಮಾಡಿಟ್ಟಿದ್ದಾರೆ ಅನ್ನಿಸುತ್ತಿತ್ತು. ನಾವು ಅಣ್ಣತಮ್ಮ ಇಬ್ಬರೂ ಹೇಳಬೇಕಾದ್ದನ್ನು ಹೇಳದೆ ಹಾಕಿಕೊಂಡು ತಿರುಗುವ ಜಾತಿ. ಅವನು ಎಂಜಿನ್ನಿಗೆ ಹಾಕಿಸಿ ತಿರುಗಿಸಿದ, ಅಷ್ಟೇ ವ್ಯತ್ಯಾಸ.

ಇನ್ನು ಬೆಲೆ. ಮೇಡಂ ಬಂದು ಮತ್ತೊಮ್ಮೆ ನೋಡಿದರು. ಸಮುದ್ರದ ಲೆಕ್ಕದಲ್ಲಿ ಇದಕ್ಕೆ ಬೆಲೆ ಇಲ್ಲ, ಮೇಸ್ತ್ರಿ ಹೇಳಿದ್ದು ಸರಿ ಅಂದರು. ಮೇಸ್ತ್ರಿ ಬೀಗಿದ. ಆದರೆ ಅವರ ಶಾಲೆಯಲ್ಲಿ ಇರುವುದೆಲ್ಲ ಹೊಸ ಎಂಜಿನ್ನು. ಎಲ್ಲ ಸರಿಯಾಗೇ ಇರುವ ಎಂಜಿನ್ನಿನಿಂದ ಯಾರೂ ಏನೂ ಕಲಿಯುವುದಿಲ್ಲವಂತೆ. ಇದರಲ್ಲಿ ಸವೆಯಬಹುದಾದ್ದೆಲ್ಲ ಸವೆದಿದೆ, ಸವೆದದ್ದನ್ನು ಒಬ್ಬ ಮನುಷ್ಯ ಹೇಗೆ ಹೇಗೆ ಸಂಭಾಳಿಸಿದ ಅನ್ನುವುದೂ ಹಾಗೇ ಉಳಿದಿದೆ. ಪ್ರತಿ ವರ್ಷ ಬರುವ ವಿದ್ಯಾರ್ಥಿಗಳು ಇದನ್ನೇ ಬಿಚ್ಚಿ ಇದನ್ನೇ ಜೋಡಿಸಲಿ ಅನ್ನುತ್ತಾರೆ. ಎತ್ತಿಸುವ ಕೂಲಿ ಬೇಡ, ವಿದ್ಯಾರ್ಥಿಗಳೇ ಎತ್ತುತ್ತಾರೆ. ಆದರೆ ಮನೆಯವರು ಕೊಡುತ್ತೇವೆ ಅನ್ನಬೇಕು, ಬೇರೆಯವರ ಮಾತಿಗೆ ಮುಟ್ಟುವುದಿಲ್ಲ ಅಂದರು.

ಗುಜರಿಯವನು ದಿನ ಬಿಟ್ಟು ದಿನ ಬಂದು ದೋಣಿಯ ಸುತ್ತ ಒಂದು ಸುತ್ತು ಹಾಕಿ ಹೋಗುತ್ತಾನೆ. ಮೇ ಹತ್ತಿರ ಬರುತ್ತಿದೆ.

ಇಂತಿ ಎರಡು ಪಟ್ಟೆಯ
ಮೈದುನ


ಮೇ ೧೩

ಅತ್ತಿಗೆಗೆ ಅರ್ಧ ನಮಸ್ಕಾರ.

ಊರಿಗೆ ಬಂದು, ನನ್ನ ಅಂಗಡಿಯ ಮುಂದೆಯೇ ಹಾದು, ಒಳಗೆ ಇಣುಕದೆ ಹೋದವರಿಗೆ ಇಡೀ ನಮಸ್ಕಾರ ಹೇಗೆ ಹಾಕಲಿ? ನಾನು ಎದುರು ಬೀದಿಯಲ್ಲಿ ಏಣಿ ಹತ್ತಿ ಔಷಧಿ ಅಂಗಡಿಯ ಬೋರ್ಡಿಗೆ ಒತ್ತಕ್ಷರ ಕೂರಿಸುತ್ತಿದ್ದೆ. ಕಾಗದಕ್ಕೆ ಉತ್ತರವಿಲ್ಲದೆ ತಿಂಗಳು ಕಳೆಯಿತಲ್ಲ, ಮುನಿಸಿಕೊಂಡಿದ್ದೀರಿ ಅಂತಿದ್ದೆ. ಉತ್ತರ ಕಾಲ್ನಡಿಗೆಯಲ್ಲೇ ಬಂದದ್ದು ಸಂಜೆ ಮೇಸ್ತ್ರಿ ಹೇಳಿದ ಮೇಲೆ ಗೊತ್ತಾಯಿತು.

ನೀವು ಯಾರ್ಡಿನ ಬಾಗಿಲಲ್ಲಿ ನಿಂತು, ಆ ಎಂಜಿನ್ನಿನ ಮನೆಯವಳು ನಾನು ಅಂದಿರಂತೆ. ಮೇಸ್ತ್ರಿ ಎಷ್ಟು ಗಾಬರಿಯಾದ ಅಂದರೆ ಆಗಲ್ಲ ಅನ್ನುವುದನ್ನೂ ಮರೆತ. ಸ್ಟೂಲು ಒರೆಸಿಟ್ಟ, ಬಲ್ಬು ಹಿಡಿದ. ನೀವು ಅಂಗಿಯ ಕಾಲರು ನೋಡುವ ಹಾಗೆ ಆ ಕಾಗದದ ಸುತ್ತ ಬೆರಳಾಡಿಸಿ, ಈ ಮೂಲೆ ಸ್ವಲ್ಪ ವಾರೆ ಆಗಿದೆ ಅಂದಿರಂತೆ. ಆಮೇಲೆ, ಇಡೀ ದಿನ ಇಲ್ಲಿ ಕೂತು ಏನು ಮಾಡೋರು ಅಂತ ಕೇಳಿದಿರಂತೆ. ಬಿಚ್ಚೋರು, ನೋಡೋರು, ಮುಚ್ಚೋರು ಅಂದನಂತೆ ಅವನು. ಮತ್ತೆ ಮಾತು ಏನು ಆಡೋರು ಅಂದಿರಂತೆ. ಮಾತು ಅಂದರೆ ನಿಮ್ಮ ಅಂಗಡಿಯ ಮಾತು. ಯಾವ ಗಿರಾಕಿ ಅಳತೆಗೆ ಜಗಳ ತೆಗೆದಳು, ಯಾವ ಬಟ್ಟೆ ಬಣ್ಣ ಬಿಟ್ಟಿತು, ಅದಕ್ಕೆ ನೀವು ಏನಂದಿರಿ. ವಾರವಿಡೀ ನಿಮ್ಮಿಂದ ಕೇಳಿಸಿಕೊಂಡದ್ದನ್ನು ಭಾನುವಾರ ಇಲ್ಲಿ ಒಪ್ಪಿಸುತ್ತಿದ್ದನಂತೆ. ನಿಮ್ಮ ಗಿರಾಕಿಗಳ ಪೈಕಿ ಮೇಸ್ತ್ರಿಗೆ ಗೊತ್ತಿಲ್ಲದವರು ಯಾರೂ ಇಲ್ಲ. ಪ್ಯಾಂಟಿಗೆ ಬೆಲ್ಟಿನ ಪಟ್ಟಿ ಬೇಡ ಅಂತ ಯಾವತ್ತೂ ಹಠ ಮಾಡುವ ಪೋಸ್ಟ್ ಮಾಸ್ಟರು ಹೇಗಿದ್ದಾರೆ ಅಂತ ನನ್ನನ್ನೇ ಕೇಳಿದ.

ಗುಜರಿಗೆ ಬೇಡ, ಶಾಲೆಗೆ ಕೊಡಿ ಅಂತ ಹೇಳಿ ಹೊರಟಿರಂತೆ. ಇಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಶಾಲೆಯ ರಿಜಿಸ್ಟರಿನಲ್ಲಿ ಬಂದ ವಸ್ತುವಿಗೆಲ್ಲ ಒಂದು ಬೆಲೆ ನಮೂದಿಸಬೇಕಂತೆ. ಸೊನ್ನೆ ಬರೆಯುವ ಹಾಗಿಲ್ಲ. ಸೊನ್ನೆಗಿಂತ ಕಡಿಮೆಗೆ ಅವರ ಬಳಿ ಜಾಗವೇ ಇಲ್ಲ. ಎಷ್ಟು ಬರೆಯಲಿ ಅಂತ ಮೇಡಂ ನನ್ನನ್ನು ಕೇಳಿದರು. ಗುಜರಿಯ ದರ ಹೇಳಲು ಹೋದೆ, ಅರ್ಧಕ್ಕೇ ನಿಲ್ಲಿಸಿದೆ. ಪ್ರಾಸ ಕೂಡ ಸಿಗಲಿಲ್ಲ. ಅದು ನೀವೇ ಹೇಳಬೇಕಾದ ಬೆಲೆ.

ಈ ತಿಂಗಳ ಕೊನೆಯ ಭಾನುವಾರ ಎಂಜಿನ್ ಎತ್ತುತ್ತಾರೆ. ನಾನು ಆ ವಾರ ಪಕ್ಕದ ಬಂದರಿನಲ್ಲಿ ದೋಣಿಗಳಿಗೆ ಹೆಸರು ಬರೆಯಲು ಒಪ್ಪಿಕೊಂಡಿದ್ದೇನೆ, ಇರುವುದಿಲ್ಲ. ನೀವು ಬನ್ನಿ.

ಇಂತಿ ನಿಮ್ಮ
ಮೈದುನ


ಜೂನ್ ೨

ಮೈದುನನಿಗೆ,

ಹೋಗಿದ್ದೆ. ನಿನ್ನ ಅಂಗಡಿ ಬಾಗಿಲಿಗೆ ಬೀಗ ಇತ್ತು, ಇಣುಕಿ ನೋಡಿದೆ. ಅರ್ಧ ನಮಸ್ಕಾರ ವಾಪಸು ತಗೋ.

ಎಂಜಿನ್ ಎತ್ತುವಾಗ ಮೇಸ್ತ್ರಿ ಯಾರನ್ನೂ ಹತ್ತಿರ ಬಿಡಲಿಲ್ಲ. ಸರಪಳಿ ತಾನೇ ಕಟ್ಟಿದ. ಆ ಕಡೆ ಎಳೀಬೇಡಿ ಕಾಗದ ಹರಿಯುತ್ತೆ, ಈ ಕಡೆ ಒರಗಿಸಬೇಡಿ ಕಾಗದ ಮುದುಡುತ್ತೆ ಅಂತ ವಿದ್ಯಾರ್ಥಿಗಳ ಪ್ರಾಣ ತೆಗೆದ. ಶಾಲೆ ತನಕ ಗಾಡಿಯಲ್ಲಿ ಅದರ ಪಕ್ಕದಲ್ಲೇ ಕೂತು ಬಂದ. ಊಟಕ್ಕೆ ಕರೆದರೆ ಆಗಲ್ಲ ಅಂದ, ಆಮೇಲೆ ಎರಡು ಸಲ ಬಡಿಸಿಕೊಂಡ.

ಮೇಡಂ ರಿಜಿಸ್ಟರ್ ತಂದರು. ಎಂಜಿನ್ನಿನ ಹೆಸರು ಬರೆದು ಬೆಲೆ ಅನ್ನೋ ಜಾಗ ಖಾಲಿ ಬಿಟ್ಟಿದ್ದರು. ಗುಜರಿ ದರ ಹಾಕೋಣವಾ ಅಂದರು. ನಾನೇ ಪೆನ್ನು ಇಸಕೊಂಡೆ. ಅಂಗಡೀಲಿ ಒಂದು ಕೋಟು ಹೊಲಿಯೋದಕ್ಕೆ ಎಷ್ಟು ಕೂಲಿ ತಗೋತೀನೋ ಅಷ್ಟು ಬರೆದೆ. ನನ್ನ ಕಸುಬಲ್ಲಿ ಅದಕ್ಕಿಂತ ದೊಡ್ಡ ಕೂಲಿ ಇಲ್ಲ. ಇದು ಯಾವ ಲೆಕ್ಕ ಅಂತ ಕೇಳಿದರು ಮೇಡಂ.

"ನಾನು ಕತ್ತರಿಸಿದ್ದನ್ನ ಇಷ್ಟು ವರ್ಷ ಮೈಮೇಲಿಂದ ತೆಗೀದೆ ಹಾಕಿಕೊಂಡ ಗಿರಾಕಿ ಇದೊಂದೇ ಕಣ್ರೀ" ಅಂದೆ.

ಅವರು ಥ್ಯಾಂಕ್ಸ್ ಅಂದರು. ನಮ್ಮ ಮನೇಲಿ ಆ ಪದದ ಬಳಕೆ ಇರಲಿಲ್ಲ. ನಿಮ್ಮಣ್ಣ ನನಗೆ ಅಂದವರಲ್ಲ, ನಾನು ಅವರಿಗೆ ಅಂದವಳಲ್ಲ. ಅಂದರೆ ಅಲ್ಲಿಗೆ ಯಾರೋ ಒಬ್ಬರು ಲೆಕ್ಕ ಚುಕ್ತಾ ಮಾಡಿದ ಹಾಗೆ ಆಗುತ್ತಿತ್ತೇನೋ. ಮೇಡಂ ಎದುರಿಗೆ ಸುಮ್ಮನೆ ತಲೆ ಆಡಿಸಿದೆ. ಅವರು ಆಕಡೆ ತಿರುಗಿದ ಮೇಲೆ ಎಂಜಿನ್ನಿನ ಮೇಲೆ ಕೈಯಿಟ್ಟು ನಿಂತಿದ್ದೆ. ತಣ್ಣಗಿತ್ತು. ಏನಂದೆ ಅನ್ನೋದು ನಿನಗೆ ಬೇಡ.

ಅಷ್ಟು ಹೊತ್ತಿಗೇ ಹೊರಡಬೇಕು ಅಂತಿದ್ದೆ. ವಿದ್ಯಾರ್ಥಿಗಳು ಮೊದಲ ಮುಚ್ಚಳ ಬಿಚ್ಚೋದಕ್ಕೆ ಕೂತರು, ಹೆಣ್ಣುಮಕ್ಕಳೂ ಇದ್ದಾರೆ. ಬೋಲ್ಟೆಲ್ಲ ಬಂತು, ಕಾಗದ ಮಾತ್ರ ಬಿಡಲಿಲ್ಲ. ಕಬ್ಬಿಣಕ್ಕೆ ಹಾಗೆ ಅಂಟಿಕೊಂಡಿತ್ತು. ಒಬ್ಬಳು ಹೊರಗೆ ಬಂದಿರೋ ಅಂಚು ಹಿಡಿದು ಎಳೆದಳು. ಹಾಗಲ್ಲ ಮಗಾ, ಎಳೆದರೆ ಹರಿಯುತ್ತೆ, ಒಂದು ಮೂಲೆಯಿಂದ ಉಗುರು ಹಾಕಿ ಬಿಡಿಸು ಅಂದೆ. ಕುರ್ಚಿ ಹಾಕಿಕೊಟ್ಟರು. ಕೂತೆ. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆ ಹಿಡಕೊಳ್ಳೋದು. ಆಚೆಯಿಂದ ಅವಳು, ಈಚೆಯಿಂದ ನಾನು. ಡೀಸೆಲ್ ವಾಸನೆ ಬರುತ್ತಿದೆ ಅನ್ನೋದು ನೆನಪಾದದ್ದೇ ಕೈ ತೊಳೆಯುವಾಗ. ತಲೆ ಎತ್ತಿ ನೋಡಿದರೆ ಕಿಟಕಿ ಹೊರಗೆ ಬೀದಿದೀಪ ಹತ್ತಿದೆ, ನಮ್ಮೂರ ಬಸ್ಸು ಹೋಗಿಯಾಗಿದೆ. ಮೇಡಂ ಮನೇಲೇ ಉಳಿದೆ.

ಹೊತ್ತು ಹೋದದ್ದೇ ಗೊತ್ತಾಗಲಿಲ್ಲ ಕಣೇ ಅಂತ ನಿಮ್ಮಣ್ಣ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಅದು ಸುಳ್ಳು ಅಂತ ಇಷ್ಟು ವರ್ಷ ನಂಬಿದ್ದೆ.

ಬರೋ ಭಾನುವಾರ ಅಂಗಡಿ ತೆಗೆಯೋದಿಲ್ಲ. ನೀರಿನ ಪಂಪಿನ ಮುಚ್ಚಳ ಇನ್ನೂ ಬಾಕಿ ಇದೆ.

ನಿನ್ನ ಅತ್ತಿಗೆ